ಪ್ಲೇಗಿನಲ್ಲಿ ಹುಟ್ಟಿದ ಟ್ರಸ್ಟು, ಕಾರ್ಪೊರೇಷನ್ನಿಗೆ ಮರಳಿದ ನೆಲ

ಮುಂಬೈಯ ಸಾಯನ್–ಮಾಟುಂಗಾ ಕಡೆಯ ಹಳೆಯ ಕಟ್ಟಡಗಳ ವಿಳಾಸದಲ್ಲಿ 'ಸ್ಕೀಮ್ ನಂಬರ್ 6' ಎಂಬ ಮಾತು ಇಂದಿಗೂ ಉಳಿದಿದೆ. ಆ ಭಾಗ ಮುಂಬೈ ಕನ್ನಡಿಗರಿಗೆ ತವರಿನಂಥದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಮಾಟುಂಗಾದ ಭಾವೂ ದಾಜಿ ರಸ್ತೆಯಲ್ಲಿದೆ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಊಟದ ಮನೆ ಮಾಟುಂಗಾ ಸ್ಟೇಷನ್ನಿನ ಬಳಿಯೇ ಇದೆ. ಅಲ್ಲಿನ ಅಗಲವಾದ ರಸ್ತೆಗಳು, ಮರಗಳ ಸಾಲು, ಒಂದೇ ಅಳತೆಯ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು, ನಡುವೆ ಬಿಟ್ಟ ಜಾಗ, ಇವೆಲ್ಲ ತಾವಾಗಿ ಬೆಳೆದು ಬಂದವಲ್ಲ. ಗದ್ದೆ, ತೋಟ, ಜೌಗು ನೆಲವನ್ನು ವಶಕ್ಕೆ ತೆಗೆದುಕೊಂಡು, ರಸ್ತೆ ಎಳೆದು, ನಿವೇಶನ ಕತ್ತರಿಸಿ ಗುತ್ತಿಗೆಗೆ ಕೊಟ್ಟದ್ದು ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ. ಆ ಟ್ರಸ್ಟು ಈಗಿಲ್ಲ. 1933ರಲ್ಲಿ ಅದರ ನೆಲ, ಮನೆ, ಸಾಲ, ಕೆಲಸ ಎಲ್ಲವೂ ಮುಂಬೈ ಮುನ್ಸಿಪಲ್ ಕಾರ್ಪೊರೇಷನ್ನಿಗೆ ಸೇರಿದವು.

ನಗರದ ಆಸ್ತಿ ಒಬ್ಬರ ಕೈಯಲ್ಲಿ, ಕಟ್ಟುವ ಕೆಲಸ ಇನ್ನೊಬ್ಬರ ಕೈಯಲ್ಲಿ, ಕಟ್ಟಿದ್ದನ್ನು ಗುಡಿಸಿ ಕಾಯುವ ಹೊಣೆ ಮತ್ತೊಬ್ಬರ ಮೇಲೆ ಇದ್ದ ಊರೊಂದು ಅವನ್ನೆಲ್ಲ ಒಂದೆಡೆ ತರಲು ಮೂವತ್ತೈದು ವರ್ಷ ಹೆಣಗಿದ ಕಥೆ ಇದು. ಭಾರತದ ನಗರಗಳ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕಡತ, ಕಾಯ್ದೆ, ಸಮಿತಿಗಳ ಕಥೆ ಎಂದು ನಾವು ಪಕ್ಕಕ್ಕಿಡುತ್ತೇವೆ. ಆದರೆ ಯಾರ ಮನೆ ಉಳಿಯಿತು, ಯಾರದು ಉರುಳಿತು ಎಂಬುದು ತೀರ್ಮಾನವಾದದ್ದು ಆ ಕಡತಗಳಲ್ಲೇ.

1896ರ ಸೆಪ್ಟೆಂಬರಿನಲ್ಲಿ ಬಂದರಿಗೆ ಅಂಟಿಕೊಂಡಿದ್ದ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಎಂಬ ಗೋವೆಯ ವೈದ್ಯರು ತಮ್ಮ ರೋಗಿಯೊಬ್ಬರ ಜ್ವರ ಪ್ಲೇಗು ಎಂದು ಗುರುತಿಸಿದರು. ಧಾನ್ಯದ ಗೋದಾಮುಗಳು, ಅವುಗಳ ಮೇಲೆಯೇ ಕೂಲಿಗಳು ಮಲಗುವ ಖೋಲಿಗಳು, ಒಂದಕ್ಕೊಂದು ಬೆನ್ನು ತಾಗಿಸಿ ನಿಂತ ಮನೆಗಳು, ನಡುವೆ ಹರಿಯುವ ಮೋರಿ: ಇಲಿಗೂ ರೋಗಕ್ಕೂ ಅದಕ್ಕಿಂತ ಅನುಕೂಲದ ಜಾಗವಿರಲಿಲ್ಲ. ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ರೈಲು, ದೋಣಿ, ಗಾಡಿ ಸಿಕ್ಕಿದ್ದರಲ್ಲಿ ಊರು ಬಿಟ್ಟರು. 1891ರ ಜನಗಣತಿಯಲ್ಲಿ 8,21,764 ಇದ್ದ ಮುಂಬೈಯ ಜನಸಂಖ್ಯೆ 1901ರಲ್ಲಿ 7,76,006ಕ್ಕೆ ಇಳಿಯಿತು. ಬೆಳೆಯುವುದನ್ನೇ ಬಲ್ಲ ಊರಿಗೆ ಇದು ಹೊಸ ಅನುಭವ.

ಆಗಿನ ಮುಂಬೈ ಕಾರ್ಪೊರೇಷನ್ ಸಾಮಾನ್ಯದ ಸಂಸ್ಥೆಯಲ್ಲ. 1888ರ ಮುನ್ಸಿಪಲ್ ಕಾಯ್ದೆಯಡಿ ನಡೆಯುತ್ತಿತ್ತು. ಫಿರೋಜ್‌ಷಾ ಮೆಹ್ತಾ ಅವರಂಥವರು ಅಲ್ಲಿ ಮಾತಾಡಿದರೆ ಸರ್ಕಾರ ಕಿವಿಗೊಡಬೇಕಿತ್ತು. 1893ರಲ್ಲಿ ವಿಕ್ಟೋರಿಯಾ ಟರ್ಮಿನಸ್ಸಿನ ಎದುರು ಅದರ ಭವ್ಯ ಕಟ್ಟಡವೂ ಎದ್ದು ನಿಂತಿತ್ತು. ಆದರೆ ಆ ಸಭೆಗೆ ಸದಸ್ಯರನ್ನು ಕಳಿಸುತ್ತಿದ್ದವರಲ್ಲಿ ದೊಡ್ಡ ಪಾಲು ತೆರಿಗೆ ಕಟ್ಟುವ ಮನೆಮಾಲೀಕರದು. ಖೋಲಿಯೊಂದಕ್ಕೆ ಹತ್ತು ಹನ್ನೆರಡು ಜನರನ್ನು ತುಂಬಿ ಬಾಡಿಗೆ ಎಣಿಸುವವರಿಗೆ ಮತವಿತ್ತು, ಆ ಖೋಲಿಯಲ್ಲಿ ಉಸಿರು ಕಟ್ಟಿ ಮಲಗುವವರಿಗೆ ಇರಲಿಲ್ಲ. ಮೋರಿ, ಗಾಳಿ, ಬೆಳಕಿನ ನಿಯಮಗಳನ್ನು ಬಿಗಿಗೊಳಿಸುವ ಮಾತು ಬಂದಾಗಲೆಲ್ಲ ಕಾರ್ಪೊರೇಷನ್ ಮೆತ್ತಗಾಗುತ್ತಿದ್ದುದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಿಲ್ಲ.

ಪ್ಲೇಗು ಸರ್ಕಾರಕ್ಕೆ ಅವಕಾಶ ಮಾಡಿಕೊಟ್ಟಿತು. 1897ರ ಮಾರ್ಚಿನಲ್ಲಿ ರೋಗ ನಿಯಂತ್ರಣದ ಅಧಿಕಾರ ಕಾರ್ಪೊರೇಷನ್ನಿನ ಕೈತಪ್ಪಿ, ಸೇನಾಧಿಕಾರಿ ಗೇಟೇಕರ್ ನೇತೃತ್ವದ ಪ್ಲೇಗು ಸಮಿತಿಗೆ ಹೋಯಿತು. ಮನೆಗಳಿಗೆ ನುಗ್ಗಿ ತಪಾಸಣೆ, ಸುಣ್ಣ ಬಳಿಯುವುದು, ಬಿಸಿಲು ಬೀಳಲೆಂದು ಹೆಂಚು ತೆಗೆಸುವುದು, ವಾಸಕ್ಕೆ ತಕ್ಕುದಲ್ಲ ಎಂದು ಬಾಗಿಲ ಮೇಲೆ 'ಯು.ಎಚ್.ಎಚ್.' ಅಕ್ಷರ ಬರೆಯುವುದು ನಡೆದವು. ಗೋಡೆ ಒಡೆದರೆ ರೋಗ ಹೋಗುತ್ತದೆ ಎಂಬ ನಂಬಿಕೆಗೆ ಅಂದಿನ ವೈದ್ಯಶಾಸ್ತ್ರದ ಬೆಂಬಲವೂ ಇತ್ತು. ಇಲಿಯ ಚಿಗಟದ ಮೂಲಕ ಪ್ಲೇಗು ಹರಡುತ್ತದೆ ಎಂಬುದು ಆಗಿನ್ನೂ ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ.

ಲಾರ್ಡ್ ಸ್ಯಾಂಡ್‌ಹರ್ಸ್ಟ್ ಗವರ್ನರ್ ಆಗಿದ್ದ 1898ರಲ್ಲಿ ಮುಂಬೈ ಶಾಸನ ಪರಿಷತ್ತು ನಗರ ಸುಧಾರಣೆಯ ಕಾಯ್ದೆಯನ್ನು ಮಾಡಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೂ ಆ ಪ್ರಾಂತಕ್ಕೇ ಸೇರಿದ್ದವು; ಅದೇ ವರ್ಷ ಹುಬ್ಬಳ್ಳಿಯಲ್ಲೂ ಪ್ಲೇಗು ತಾಂಡವವಾಡುತ್ತಿತ್ತು. ಕಾಯ್ದೆಯಿಂದ ಹುಟ್ಟಿದ ಟ್ರಸ್ಟಿಗೆ ಕೊಟ್ಟ ಕೆಲಸಗಳ ಪಟ್ಟಿ ದೊಡ್ಡದು: ಹೊಸ ರಸ್ತೆ ತೆಗೆಯುವುದು, ಕಿಕ್ಕಿರಿದ ಬೀದಿಗಳನ್ನು ಬಿಡಿಸುವುದು, ಸಮುದ್ರದಿಂದ ನೆಲ ಪಡೆಯುವುದು, ಬಡವರಿಗೂ ಪೊಲೀಸರಿಗೂ ಆರೋಗ್ಯಕರ ವಸತಿ ಕಟ್ಟುವುದು. ಕೊಟ್ಟ ಆಸ್ತಿಯೂ ದೊಡ್ಡದೇ. ಸರ್ಕಾರದ ಮತ್ತು ಕಾರ್ಪೊರೇಷನ್ನಿನ ಖಾಲಿ ನೆಲಗಳನ್ನು ಕಾಯ್ದೆಯ ಅನುಸೂಚಿಗಳಲ್ಲಿ ಹೆಸರಿಸಿ ಟ್ರಸ್ಟಿನ ವಶಕ್ಕೆ ಒಪ್ಪಿಸಲಾಯಿತು. ಜೊತೆಗೆ ಕಾರ್ಪೊರೇಷನ್ ತನ್ನ ವರಮಾನದಿಂದ ವರ್ಷ ವರ್ಷ ವಂತಿಗೆಯನ್ನೂ ಕೊಡಬೇಕಿತ್ತು. ಟ್ರಸ್ಟಿಗಳಲ್ಲಿ ಕಾರ್ಪೊರೇಷನ್ ಆರಿಸಿ ಕಳಿಸಿದವರು ಇದ್ದರು, ಆದರೆ ಸರ್ಕಾರದ ಅಧಿಕಾರಿಗಳು, ಸರ್ಕಾರ ನೇಮಿಸಿದವರು, ವಾಣಿಜ್ಯ ಮಂಡಳಿ, ಪೋರ್ಟ್ ಟ್ರಸ್ಟುಗಳ ಪ್ರತಿನಿಧಿಗಳ ಮುಂದೆ ಅವರ ಸಂಖ್ಯೆ ಕಡಿಮೆ.

ಹೀಗೆ ಊರಿನ ಹಣದಲ್ಲಿ, ಊರಿನ ನೆಲದ ಮೇಲೆ, ಊರಿನವರ ಹಿಡಿತಕ್ಕೆ ಸಿಗದ ಸಂಸ್ಥೆಯೊಂದು ನಿಂತಿತು. ಮನೆಮಾಲೀಕರ ಕಾರ್ಪೊರೇಷನ್ ತನ್ನ ಚಾಳನ್ನು, ಅಂದರೆ ಸಾಲು ಖೋಲಿಗಳ ಬಾಡಿಗೆ ಕಟ್ಟಡವನ್ನು, ತಾನೇ ಕೆಡವುವುದಿಲ್ಲ ಎಂಬ ಸರ್ಕಾರದ ವಾದದಲ್ಲಿ ಹುರುಳಿತ್ತು, ಅದನ್ನು ಒಪ್ಪಬೇಕು. ಆದರೆ ಅದಕ್ಕೆ ಮದ್ದಾಗಿ ಮತದಾರರ ಪಟ್ಟಿಯನ್ನು ಹಿಗ್ಗಿಸುವ ದಾರಿಯೂ ಇತ್ತು. ಆ ದಾರಿ ಹಿಡಿಯಲು ಸರ್ಕಾರಕ್ಕೆ ಮನಸ್ಸಿರಲಿಲ್ಲ.

ಟ್ರಸ್ಟು ಕೆಲಸಕ್ಕಿಳಿದ ರೀತಿ ನೋಡಿದರೆ ಅದರ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣುತ್ತವೆ. ನಾಗಪಾಡಾದಲ್ಲಿ ಹಳೆಯ ವಸತಿಯನ್ನು ಕೆಡವಿ ಚಾಳುಗಳನ್ನು ಕಟ್ಟಿತು. ಸಮುದ್ರದ ಗಾಳಿ ಊರೊಳಗೆ ಬರಲೆಂದು ಕಿಕ್ಕಿರಿದ ಕೇರಿಗಳನ್ನು ಸೀಳಿ ಪಶ್ಚಿಮದಿಂದ ಪೂರ್ವಕ್ಕೆ ರಸ್ತೆಗಳನ್ನು ತೆಗೆಯಿತು. ಪ್ರಿನ್ಸೆಸ್ ಸ್ಟ್ರೀಟ್ ಹಾಗೆ ಹುಟ್ಟಿದ್ದು. ಸ್ಯಾಂಡ್‌ಹರ್ಸ್ಟ್ ರಸ್ತೆಯೂ ಹಾಗೆಯೇ. ಇಂದು ಅದು ಸರ್ದಾರ್ ವಲ್ಲಭಭಾಯಿ ಪಟೇಲ್ ರಸ್ತೆ, ಹಳೆಯ ಹೆಸರು ರೈಲ್ವೆ ಸ್ಟೇಷನ್ನಿನಲ್ಲಿ ಮಾತ್ರ ಉಳಿದಿದೆ. ಆ ರಸ್ತೆಗಳ ಮೇಲೆ ಇಂದು ನಡೆದರೂ ಅವುಗಳ ಅಗಲ ಸುತ್ತಲಿನ ಗಲ್ಲಿಗಳ ನಡುವೆ ಎದ್ದು ಕಾಣುತ್ತದೆ.

ಆದರೆ ರಸ್ತೆಯ ಜಾಗದಲ್ಲಿ ಮೊದಲಿದ್ದವರು ಎಲ್ಲಿಗೆ ಹೋದರು? ಟ್ರಸ್ಟಿನ ಚಾಳಿನ ಖೋಲಿಗಳು ಅಷ್ಟು ಜನಕ್ಕೆ ಸಾಲುತ್ತಿರಲಿಲ್ಲ. ಕೆಲವು ಕಡೆ ಬಾಡಿಗೆ ಎಟಕುತ್ತಿರಲಿಲ್ಲ, ಮತ್ತೆ ಕೆಲವು ಕಡೆ ಕೆಲಸದ ಜಾಗದಿಂದ ದೂರ. ಕೂಲಿಗೆ ಬೆಳಗಿನ ಜಾವ ಗೋದಿಗೆ, ಅಂದರೆ ಹಡಗುಕಟ್ಟೆಗೆ, ಹಾಜರಾಗಬೇಕಾದವನು ದೂರ ಹೋಗಲಾರ. ಅವನು ಪಕ್ಕದ ಗಲ್ಲಿಯ ಚಾಳಿನಲ್ಲಿ ಇನ್ನೊಬ್ಬರ ಖೋಲಿಗೆ ಸೇರಿಕೊಂಡ. ಒಂದು ಕೇರಿಯ ಇಕ್ಕಟ್ಟು ಬಿಡಿಸಿದ್ದು ಪಕ್ಕದ ಕೇರಿಯಲ್ಲಿ ಇಮ್ಮಡಿಯಾಯಿತು. ಟ್ರಸ್ಟಿನ ಮೊದಲ ಎರಡು ದಶಕಗಳ ಲೆಕ್ಕದಲ್ಲಿ ಕೆಡವಿದ ಖೋಲಿಗಳಿಗಿಂತ ಕಟ್ಟಿದವು ಕಡಿಮೆ. ಬಡವರಿಗೆ ಮನೆ ಕಟ್ಟಲೆಂದು ಹುಟ್ಟಿದ ಸಂಸ್ಥೆಯ ಬಗ್ಗೆ ಇದಕ್ಕಿಂತ ಕಠಿಣವಾದ ಮಾತು ಬೇಕಿಲ್ಲ.

ಪರಿಹಾರದ ವ್ಯವಹಾರವಂತೂ ಇನ್ನೂ ವಿಚಿತ್ರ. ಮನೆಯ ಬೆಲೆ ಕಟ್ಟುವುದು ಅದರಿಂದ ಬರುವ ಬಾಡಿಗೆಯ ಮೇಲೆ. ಆದ್ದರಿಂದ ಟ್ರಸ್ಟಿನ ಯೋಜನೆಯ ಸುಳಿವು ಸಿಕ್ಕಿದ ಮಾಲೀಕ ಇನ್ನಷ್ಟು ಬಾಡಿಗೆದಾರರನ್ನು ತುಂಬುತ್ತಿದ್ದ. ಮನೆ ಎಷ್ಟು ಕೊಳಕೋ ಅಷ್ಟು ಜನ, ಎಷ್ಟು ಜನವೋ ಅಷ್ಟು ಬಾಡಿಗೆ, ಎಷ್ಟು ಬಾಡಿಗೆಯೋ ಅಷ್ಟು ಪರಿಹಾರ. ಪರಿಹಾರದ ತಕರಾರುಗಳಿಗೆಂದೇ ಪ್ರತ್ಯೇಕ ನ್ಯಾಯಮಂಡಳಿ ಇತ್ತು. ಭೂಮಿಗೆ ಸುರಿದ ದುಡ್ಡಿನಿಂದ ಟ್ರಸ್ಟಿನ ಮೇಲೆ ಸಾಲದ ಹೊರೆ ಬೆಳೆಯಿತು. ಮನೆ ಕಟ್ಟಲು ಉಳಿಯುವುದು ಉಳಿದಷ್ಟೇ.

ಇದನ್ನು ಒಳಗಿನಿಂದಲೇ ಕಂಡವರು 1909ರಿಂದ ಸುಮಾರು ಒಂದು ದಶಕ ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ. ಪಿ. ಓರ್. ಕೆಡವುವ ನೇರ ದಾರಿ ದುಬಾರಿ. ಹೊರವಲಯದಲ್ಲಿ ಹೊಸ ಬಡಾವಣೆ ತೆರೆದು ಜನರನ್ನು ಅತ್ತ ಸೆಳೆಯಬೇಕು, ಹಳೆಯ ಮನೆಗಳಿಗೆ ಗಾಳಿ ಬೆಳಕಿನ ನಿಯಮ ಹಾಕಬೇಕು ಎಂದು ಅವರು ಬರೆದರು, ಉಪನ್ಯಾಸ ಕೊಟ್ಟರು. ಅವರು ಪಟ್ಟು ಹಿಡಿದು ಪ್ರಚಾರ ಮಾಡಿದ್ದು ಅರವತ್ತಮೂರೂವರೆ ಡಿಗ್ರಿಯ ನಿಯಮವನ್ನು. ಕಿಟಕಿಯ ಬುಡದಿಂದ ಆ ಕೋನದಲ್ಲಿ ಮೇಲಕ್ಕೆ ಗೆರೆ ಎಳೆದರೆ ಎದುರಿನ ಕಟ್ಟಡ ಅದಕ್ಕೆ ತಾಗಬಾರದು. ಲೆಕ್ಕ ಹಾಕಿದರೆ ಎದುರಿನ ಗೋಡೆಯ ಎತ್ತರದ ಅರ್ಧದಷ್ಟು ಜಾಗ ನಡುವೆ ಖಾಲಿ ಇರಬೇಕು ಎಂದಾಗುತ್ತದೆ. ನಲವತ್ತು ಅಡಿ ಎತ್ತರದ ಗೋಡೆಗೆ ಇಪ್ಪತ್ತು ಅಡಿ ಬಯಲು. ಓರ್ ಅವರ ಅನೇಕ ತೀರ್ಮಾನಗಳನ್ನು ನಾನು ಒಪ್ಪಲಾರೆ, ಆದರೆ ಬಡವನ ಕಿಟಕಿಗೆ ಬೀಳಬೇಕಾದ ಬೆಳಕನ್ನು ಅಳತೆಗೆ ತಂದು ಹಕ್ಕಿನ ಮಾತಾಗಿ ಹೇಳಿದ್ದಕ್ಕೆ ಅವರಿಗೆ ಗೌರವ ಸಲ್ಲಬೇಕು. ಇದೇ ಹೊತ್ತಿನಲ್ಲಿ ಭಾರತಕ್ಕೆ ಬಂದ ನಗರಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಟ್ರಸ್ಟುಗಳ ಒಡೆದುಹಾಕುವ ಚಾಳಿಯನ್ನೇ ಟೀಕಿಸಿದರು. ಹಳೆಯ ಕೇರಿಯನ್ನು ಉಳಿಸಿಕೊಂಡು, ಅಗತ್ಯವಿದ್ದಲ್ಲಿ ಮಾತ್ರ ಸ್ವಲ್ಪ ಬಿಡಿಸಿದರೆ ಸಾಕು ಎಂಬುದು ಅವರ ನಿಲುವು. 1919ರಲ್ಲಿ ಅವರು ಮುಂಬೈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರೂ ಅವರ ಮಾತು ಟ್ರಸ್ಟಿನ ನಕ್ಷೆಗಳಿಗೆ ಇಳಿದದ್ದು ಕಡಿಮೆ.

ಓರ್ ಹೇಳಿದ ಹೊರವಲಯ ಎಂದರೆ ದಾದರ್, ಮಾಟುಂಗಾ, ಸಾಯನ್. ಆ ಯೋಜನೆಗಳ ನಕ್ಷೆ ತಯಾರಾದದ್ದು ಟ್ರಸ್ಟಿನ ಮೊದಲ ವರ್ಷಗಳಲ್ಲೇ. ಆದರೆ ನೆಲ ವಶವಾಗಿ, ತಗ್ಗು ತುಂಬಿ, ರಸ್ತೆ ಬಂದು ಜನ ನೆಲೆಸುವ ಹೊತ್ತಿಗೆ 1920ರ ದಶಕ ಬಂದಿತ್ತು. ಮಂಚೇರ್ಜಿ ಜೋಶಿ ಎಂಬ ಇಂಜಿನಿಯರ್ ಟ್ರಸ್ಟಿನ ಮನವೊಲಿಸಿ ಮಧ್ಯಮವರ್ಗದ ಪಾರ್ಸಿಗಳಿಗೆ 103 ನಿವೇಶನ ಕಾದಿರಿಸಿದರು; ಅದು ದಾದರ್ ಪಾರ್ಸಿ ಕಾಲೊನಿ. ಪಕ್ಕದಲ್ಲಿ ಹಿಂದೂ ಕಾಲೊನಿ ಬೆಳೆಯಿತು. 1923ರಲ್ಲಿ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ ಮಾಟುಂಗಾಕ್ಕೆ ಬಂತು. ಕಚೇರಿ ಗುಮಾಸ್ತರಾಗಿ, ಟೈಪಿಸ್ಟರಾಗಿ, ಲೆಕ್ಕಿಗರಾಗಿ ದಕ್ಷಿಣದಿಂದ ಬಂದವರು ಮಾಟುಂಗಾದ ಬಾಡಿಗೆ ಮನೆಗಳನ್ನು ಹಿಡಿದರು. ಸ್ವಂತ ಬಚ್ಚಲು, ಸ್ವಂತ ಶೌಚಾಲಯವಿದ್ದ ಆ ಪುಟ್ಟ ಮನೆಗಳು ಚಾಳಿಗಿಂತ ಬೇರೆಯೇ ಜೀವನ. ಮಡಿ ಮೈಲಿಗೆಯ ಲೆಕ್ಕದಲ್ಲಿ ಸಾಮಾನ್ಯ ನಲ್ಲಿಗೆ ಅಂಜುತ್ತಿದ್ದ ಕುಟುಂಬಗಳಿಗೆ ಅದೊಂದು ದೊಡ್ಡ ಆಕರ್ಷಣೆಯಾಗಿತ್ತು ಎಂಬುದನ್ನೂ ಹೇಳಬೇಕು. ಒಟ್ಟಿನಲ್ಲಿ ಟ್ರಸ್ಟಿನ ಅತ್ಯುತ್ತಮ ಕೆಲಸದ ಫಲ ಸಿಕ್ಕಿದ್ದು ಮಧ್ಯಮವರ್ಗಕ್ಕೆ. ಮಾಂಡ್ವಿಯ ಕೂಲಿಗೆ ಸಿಕ್ಕಿದ್ದಲ್ಲ.

ಇತ್ತ ದಿನನಿತ್ಯದ ಆಡಳಿತದಲ್ಲಿ ಜಗಳ ತಪ್ಪಲಿಲ್ಲ. ಟ್ರಸ್ಟು ರಸ್ತೆ ಮಾಡುತ್ತದೆ, ಆಮೇಲೆ ಅದಕ್ಕೆ ದೀಪ, ನೀರು, ಕಸಗುಡಿಸುವಿಕೆ ಕಾರ್ಪೊರೇಷನ್ನಿನದು. ಹೆತ್ತವಳು ಒಬ್ಬಳು, ಸಾಕುವವಳು ಇನ್ನೊಬ್ಬಳು ಎಂಬ ಸ್ಥಿತಿ. ನೆಲದ ಬಾಡಿಗೆ ಟ್ರಸ್ಟಿಗೆ ಹೋಗುತ್ತಿತ್ತು, ಜನರ ದೂರು ಕಾರ್ಪೊರೇಟರಿಗೆ ಬರುತ್ತಿತ್ತು. ಎರಡೂ ಕಡೆ ಇಂಜಿನಿಯರುಗಳು, ಎರಡೂ ಕಡೆ ಗುತ್ತಿಗೆದಾರರು, ಎರಡೂ ಕಡೆ ಆಸ್ತಿ ನೋಡಿಕೊಳ್ಳುವ ಕಚೇರಿ.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಮನೆಯ ಬರ ಸಹಿಸಲಾಗದ ಮಟ್ಟಕ್ಕೆ ಬಂದಿತ್ತು. ಬಾಡಿಗೆ ಏರಿ, ಸರ್ಕಾರ 1918ರಲ್ಲಿ ಬಾಡಿಗೆ ನಿಯಂತ್ರಣಕ್ಕೆ ಇಳಿಯಿತು. ಅದೇ ವರ್ಷ ಇನ್‌ಫ್ಲುಯೆಂಜಾ ಊರನ್ನು ಹೊಕ್ಕಿತು. 1919ರ ಜನವರಿಯಲ್ಲಿ ಗಿರಣಿಗಳಲ್ಲಿ ದೊಡ್ಡ ಮುಷ್ಕರ. ಆಗಷ್ಟೇ ಗವರ್ನರ್ ಆಗಿ ಬಂದಿದ್ದ ಜಾರ್ಜ್ ಲಾಯ್ಡ್ ಇದನ್ನೆಲ್ಲ ನೋಡಿ, ಟ್ರಸ್ಟೂ ನಿಧಾನ, ಕಾರ್ಪೊರೇಷನ್ನೂ ನಿಧಾನ ಎಂದು ತೀರ್ಮಾನಿಸಿ, 1920ರಲ್ಲಿ ಸರ್ಕಾರದಡಿಯಲ್ಲೇ ಮೂರನೆಯದೊಂದನ್ನು ಸ್ಥಾಪಿಸಿದರು: ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಎರಡರ ನಡುವಿನ ಗೊಂದಲ ಸರಿಪಡಿಸಲು ಮೂರನೆಯದನ್ನು ತರುವ ಈ ಅಭ್ಯಾಸ ನಮ್ಮ ನಗರಗಳನ್ನು ಇನ್ನೂ ಬಿಟ್ಟಿಲ್ಲ.

ಹೊಸ ಇಲಾಖೆಗೆ ಹಣದ ಒಂದು ಮೂಲ, ಊರಿಗೆ ಬರುವ ಹತ್ತಿಯ ಪ್ರತಿ ಮೂಟೆಯ ಮೇಲೆ ಒಂದು ರೂಪಾಯಿ ಸುಂಕ. ಗುರಿ ಎರಡು. ಗಿರಣಿ ಕಾರ್ಮಿಕರಿಗೆ 50,000 ಖೋಲಿಗಳು. ಬ್ಯಾಕ್ ಬೇಯಲ್ಲಿ ಸಮುದ್ರ ತುಂಬಿ ಸಾವಿರಕ್ಕೂ ಹೆಚ್ಚು ಎಕರೆ ಹೊಸ ನೆಲ. ಖೋಲಿಗಳಲ್ಲಿ ಕಟ್ಟಿದ್ದು ಸುಮಾರು ಮೂರನೇ ಒಂದು ಪಾಲು. ವರ್ಳಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ 207 ಕಟ್ಟಡಗಳು, ಒಂದೊಂದರಲ್ಲಿ 80 ಖೋಲಿ, ಖೋಲಿ 160 ಚದರಡಿ, ಶೌಚಾಲಯ ಮಹಡಿಗೆ ಸಾಮಾನ್ಯ. ಬಿಡಿಡಿ ಚಾಳು ಎಂದೇ ಎಲ್ಲರ ಬಾಯಲ್ಲಿ. ಅವನ್ನು ಕಟ್ಟಿದ ಹೊತ್ತಿಗೆ ಗಿರಣಿಗಳ ಯುದ್ಧಕಾಲದ ಲಾಭ ಕರಗಿತ್ತು, ಕಾರ್ಮಿಕರ ಕೈಯಲ್ಲಿ ಕಾಸಿರಲಿಲ್ಲ, ವರ್ಳಿಯಿಂದ ಗಿರಣಿಗೆ ನಡೆಯುವುದು ಕಷ್ಟ. ಸಾವಿರಾರು ಖೋಲಿಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಇಕ್ಕಟ್ಟಿನ ಊರಿನಲ್ಲಿ ಖಾಲಿ ಮನೆಗಳು! ಯಾರಿಗೆ ಬೇಕು, ಎಲ್ಲಿ ಬೇಕು, ಎಷ್ಟು ಕೊಡಬಲ್ಲರು ಎಂದು ಕೇಳುವ ಬಾಯಿಯೇ ಆ ಇಲಾಖೆಯೊಳಗೆ ಇರಲಿಲ್ಲ.

ಬ್ಯಾಕ್ ಬೇಯ ಕಥೆ ಇನ್ನೂ ಪ್ರಸಿದ್ಧ. ಜಾರ್ಜ್ ಬ್ಯುಕಾನನ್ ಎಂಬ ಇಂಜಿನಿಯರರ ಯೋಜನೆಯಂತೆ ಹೂಳೆತ್ತಿ ಸುರಿದರೆ ಅದು ಕಡಲಿಗೇ ಸೋರಿ ಹೋಗುತ್ತಿತ್ತು. ಖರ್ಚು ಅಂದಾಜನ್ನು ಮೀರಿತು. ವಕೀಲರೂ ಕಾಂಗ್ರೆಸ್ ನಾಯಕರೂ ಆಗಿದ್ದ ಕೆ. ಎಫ್. ನರಿಮನ್ ಇದರ ಹಿಂದೆ ಬಿದ್ದರು. ಇಲಾಖೆಯ ಇಂಜಿನಿಯರ್ ಹಾರ್ವೆ ಅವರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲೂ ನರಿಮನ್ ಗೆದ್ದರು. ಜನ ಇದನ್ನು ಲಾಯ್ಡರ ಮೂರ್ಖತನ ಎಂದು ಕರೆದರು. 1926ರಲ್ಲಿ ವಿಚಾರಣಾ ಸಮಿತಿ ಕೂತು, ಯೋಜನೆಯನ್ನು ಮೊಟಕುಗೊಳಿಸಲಾಯಿತು. ಎಂಟು ಭಾಗಗಳಲ್ಲಿ ಅರ್ಧ ಮಾತ್ರ ಮುಗಿದವು. ಮುಂದೆ ಆ ತುಂಬಿದ ನೆಲದ ಕಡಲಗೋಡೆಯ ಅಂಚಿನಲ್ಲೇ ಮರೀನ್ ಡ್ರೈವ್ ಬಂತು. ಬಹಳ ಕಾಲದ ನಂತರ ತುಂಬಿದ ಇನ್ನೊಂದು ತುದಿಗೆ ನರಿಮನ್ ಅವರ ಹೆಸರೇ ಬಂತು.

ಈ ಗದ್ದಲದ ನಡುವೆ, ಹೆಚ್ಚು ಜನ ನೆನೆಯದ ಬದಲಾವಣೆಯೊಂದು 1922ರಲ್ಲಿ ಆಗಿತ್ತು. ತಿಂಗಳಿಗೆ ಹತ್ತು ರೂಪಾಯಿ ಬಾಡಿಗೆ ಕಟ್ಟುವವರಿಗೂ ಕಾರ್ಪೊರೇಷನ್ ಚುನಾವಣೆಯಲ್ಲಿ ಮತ ಬಂತು. ಹತ್ತು ರೂಪಾಯಿ ಆಗ ಸಣ್ಣ ಮೊತ್ತವಲ್ಲ. ಖೋಲಿಯ ಕೂಲಿ ಇನ್ನೂ ಹೊರಗೇ ಉಳಿದ. ಆದರೂ ಗುಮಾಸ್ತ, ಶಿಕ್ಷಕ, ಸಣ್ಣ ಅಂಗಡಿಯವ ಒಳಗೆ ಬಂದರು. ಕಾರ್ಪೊರೇಷನ್ನಿನ ಬಣ್ಣ ಬದಲಾಯಿತು. ವಿಠ್ಠಲಭಾಯಿ ಪಟೇಲರಂಥ ರಾಷ್ಟ್ರೀಯವಾದಿಗಳು ಅದರ ಅಧ್ಯಕ್ಷರಾದರು. ಇದು ಮನೆಮಾಲೀಕರ ಕೂಟ, ಇದರ ಕೈಗೆ ಊರು ಕಟ್ಟುವ ಕೆಲಸ ಕೊಡಲಾಗದು ಎಂಬ ಇಪ್ಪತ್ತೈದು ವರ್ಷ ಹಳೆಯ ವಾದದ ಕಾಲು ಮುರಿದದ್ದು ಅಲ್ಲಿ. ಟ್ರಸ್ಟು ಮತ್ತು ಕಾರ್ಪೊರೇಷನ್ ಒಂದಾದದ್ದಕ್ಕೆ ಖರ್ಚು ಉಳಿಸುವ ಲೆಕ್ಕಾಚಾರ ಕಾರಣವೆಂದು ಆಡಳಿತದ ಚರಿತ್ರೆಗಳು ಹೇಳಬಹುದು. ನನಗೆ ಕಾಣುವ ಮೂಲ ಕಾರಣ ಬಾಡಿಗೆದಾರನಿಗೆ ಬಂದ ಮತ.

1925ರಲ್ಲಿ ಟ್ರಸ್ಟಿನ ಹಸ್ತಾಂತರದ ಕಾಯ್ದೆ ಬಂತು. ಅದು ಅರ್ಧ ದಾರಿ. ಟ್ರಸ್ಟಿಗಳ ಮಂಡಳಿ ಹೊಸ ರೂಪದಲ್ಲಿ ಮುಂದುವರಿಯಿತು, ಕಾರ್ಪೊರೇಷನ್ನಿಗೆ ಹತ್ತಿರವಾಯಿತು, ಆದರೆ ಪ್ರತ್ಯೇಕವಾಗಿಯೇ ಉಳಿಯಿತು. ಪೂರ್ಣ ವಿಲೀನಕ್ಕೆ ಮತ್ತೆ ಎಂಟು ವರ್ಷ. 1933ರ ತಿದ್ದುಪಡಿಯಿಂದ ಮಂಡಳಿ ವಿಸರ್ಜನೆಯಾಗಿ ಆಸ್ತಿ, ಗುತ್ತಿಗೆ ಪತ್ರಗಳು, ಚಾಳುಗಳು, ಅರ್ಧಕ್ಕೆ ನಿಂತ ಯೋಜನೆಗಳು, ಸಾಲ, ಎಲ್ಲವೂ ಕಾರ್ಪೊರೇಷನ್ನಿನವಾದವು. ಸುಧಾರಣಾ ಯೋಜನೆಗಳಿಗೆಂದೇ ಮುನ್ಸಿಪಲ್ ಕಾಯ್ದೆಯೊಳಗೆ ಹೊಸ ಅಧ್ಯಾಯ ಸೇರಿತು. ಚುನಾಯಿತ ಸದಸ್ಯರ ಸುಧಾರ್ ಸಮಿತಿ ಏರ್ಪಟ್ಟಿತು, ಅದರ ಕೆಲಸ ನೋಡಿಕೊಳ್ಳಲು ಒಬ್ಬ ಉಪ ಆಯುಕ್ತರ ಹುದ್ದೆಯೂ ಬಂತು. ಯಾವ ನಿವೇಶನ ಯಾರಿಗೆ, ಎಷ್ಟು ವರ್ಷಕ್ಕೆ, ಯಾವ ಬಾಡಿಗೆಗೆ ಎಂಬ ಪ್ರಶ್ನೆ ಇನ್ನು ಸರ್ಕಾರ ನೇಮಿಸಿದವರ ಮುಚ್ಚಿದ ಕೋಣೆಯಲ್ಲಿ ತೀರ್ಮಾನವಾಗುವಂತಿರಲಿಲ್ಲ. ಮತ ಕೇಳಲು ಬರುವವರು ಅದಕ್ಕೆ ಉತ್ತರ ಹೇಳಬೇಕಾಯಿತು.

ಆಗ ಟ್ರಸ್ಟಿನ ಬಾಡಿಗೆದಾರರಾಗಿದ್ದವರಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಡಾ. ಬಿ. ಆರ್. ಅಂಬೇಡ್ಕರ್ 1912ರಿಂದ 1934ರವರೆಗೆ ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳಿನಲ್ಲಿ ಇದ್ದರು. ಓದಲು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದದ್ದು, ಮಹಾಡ್ ಸತ್ಯಾಗ್ರಹ ನಡೆಸಿದ್ದು, ದುಂಡುಮೇಜಿನ ಪರಿಷತ್ತಿಗೆ ಹೊರಟದ್ದು ಎಲ್ಲವೂ ಆ ಚಾಳು ಅವರ ಮನೆಯಾಗಿದ್ದ ಕಾಲದಲ್ಲೇ. ಓದುವುದಕ್ಕೆ, ಬರೆಯುವುದಕ್ಕೆ, ಬಂದವರನ್ನು ಮಾತಾಡಿಸುವುದಕ್ಕೆ, ಸಂಸಾರಕ್ಕೆ ಸೇರಿ ಇದ್ದದ್ದು ಎರಡು ಖೋಲಿ. ಆಮೇಲೆ ಅವರು ಪುಸ್ತಕಗಳಿಗಾಗಿ ರಾಜಗೃಹ ಕಟ್ಟಿಸಿ ಹೋದದ್ದು ದಾದರಿನ ಹಿಂದೂ ಕಾಲೊನಿಗೆ, ಅದೂ ಟ್ರಸ್ಟಿನ ದಾದರ್ ಯೋಜನೆಯ ನೆಲ. ಟ್ರಸ್ಟು ಕಟ್ಟಿದ ಬಡವರ ಚಾಳು, ಟ್ರಸ್ಟು ಹಂಚಿದ ಮಧ್ಯಮವರ್ಗದ ನಿವೇಶನ, ಎರಡರಲ್ಲೂ ಬಾಳಿದವರು ಅವರು.

ವಿಲೀನವಾದ ಕೂಡಲೇ ಎಲ್ಲ ಸರಿಹೋಯಿತೇ? ಇಲ್ಲ. ಟ್ರಸ್ಟಿನ ಸಾಲ ಕಾರ್ಪೊರೇಷನ್ನಿನ ಹೆಗಲೇರಿತು. ಪ್ರತ್ಯೇಕ ಸಮಿತಿ, ಪ್ರತ್ಯೇಕ ಉಪ ಆಯುಕ್ತ ಎಂದರೆ ಹಳೆಯ ಟ್ರಸ್ಟು ಹೊಸ ಮನೆಯೊಳಗೆ ತನ್ನದೇ ಕೋಣೆ ಉಳಿಸಿಕೊಂಡಂತೆ ಆಯಿತು. 999 ವರ್ಷದ ಗುತ್ತಿಗೆಗಳೂ ಇದ್ದವು, 99 ವರ್ಷದವೂ ಇದ್ದವು. ಅವುಗಳ ನವೀಕರಣದ ತಕರಾರುಗಳು ಕಾರ್ಪೊರೇಷನ್ನಿನ ಆಸ್ತಿ ವಿಭಾಗವನ್ನು ಇಂದಿಗೂ ಬಿಟ್ಟಿಲ್ಲ. ಚಾಳುಗಳ ದುರಸ್ತಿಗೆ ಹಣ ಸಾಲದೆ ಅನೇಕವು ಹಾಳಾದವು. ಅಷ್ಟಾದರೂ ಸೋರುವ ಸೂರಿನ ಬಗ್ಗೆ ಯಾರ ಬಾಗಿಲು ತಟ್ಟಬೇಕು ಎಂಬುದು ಬಾಡಿಗೆದಾರನಿಗೆ ತಿಳಿದಿತ್ತು.

ದೊಡ್ಡ ತಪ್ಪು ನಡೆದದ್ದು ಬಿಡಿಡಿ ಚಾಳುಗಳ ವಿಷಯದಲ್ಲಿ. ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಮುಚ್ಚಿದರೂ ಅವು ಕಾರ್ಪೊರೇಷನ್ನಿಗೆ ಬರಲಿಲ್ಲ, ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲೇ ಉಳಿದವು. ಹೀಗಾಗಿ ಒಂದೇ ಊರಿನಲ್ಲಿ, ಒಂದೇ ಬಗೆಯ ಜನರಿಗಾಗಿ, ಸಾರ್ವಜನಿಕ ಹಣದಲ್ಲಿ ಕಟ್ಟಿದ ಎರಡು ಬಗೆಯ ಚಾಳುಗಳಿಗೆ ಇಬ್ಬರು ಯಜಮಾನರು. ವಿಲೀನ ಮಾಡುವಾಗ ಅಲ್ಲಿ ಬಿಟ್ಟ ಬಿರುಕು ತೊಂಬತ್ತು ವರ್ಷ ಕಳೆದರೂ ಮುಚ್ಚಿಲ್ಲ. ಬಿಡಿಡಿ ಚಾಳುಗಳನ್ನು ಈಗ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾ ಮೂಲಕ ಕೆಡವಿ ಗೋಪುರಗಳನ್ನು ಕಟ್ಟಲಾಗುತ್ತಿದೆ. 160 ಚದರಡಿಯಲ್ಲಿ ತಲೆಮಾರುಗಳನ್ನು ಕಳೆದ ವರ್ಳಿಯ ಕುಟುಂಬಗಳಲ್ಲಿ ಮೊದಲ ತಂಡಕ್ಕೆ 500 ಚದರಡಿಯ ಮನೆಯ ಕೀಲಿ ಸಿಕ್ಕಿದ್ದು 2025ರ ಆಗಸ್ಟಿನಲ್ಲಿ.

ಮುಂಬೈಯ ಟ್ರಸ್ಟು ದೇಶದ ಇತರೆಡೆಗೂ ಮಾದರಿಯಾಯಿತು. ಮೈಸೂರಿನಲ್ಲಿ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಕಲ್ಕತ್ತಾದಲ್ಲಿ 1912, ದಿಲ್ಲಿಯಲ್ಲಿ 1937. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳನ್ನು ಕಂಡ ಬೆಂಗಳೂರಿಗೆ 1945ರಲ್ಲಿ ಟ್ರಸ್ಟ್ ಬೋರ್ಡ್ ಸಿಕ್ಕಿತು. ಹಿರಿಯರು ಸಿಐಟಿಬಿ ಎಂದು ಕರೆಯುವುದು ಅದನ್ನೇ. ಮುಂಬೈ ತನ್ನ ಟ್ರಸ್ಟನ್ನು ಚುನಾಯಿತ ಕಾರ್ಪೊರೇಷನ್ನಿಗೆ ಸೇರಿಸಿ ಹನ್ನೆರಡು ವರ್ಷವಾದ ಮೇಲೆ ಬೆಂಗಳೂರು ಪ್ರತ್ಯೇಕ ಟ್ರಸ್ಟಿನ ದಾರಿ ಹಿಡಿಯಿತು. 1976ರಲ್ಲಿ ಸಿಐಟಿಬಿ ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಾಗಲೂ ಅದು ಕಾರ್ಪೊರೇಷನ್ನಿನೊಳಗೆ ಸೇರಲಿಲ್ಲ. ಬಡಾವಣೆ ಮಾಡಿ ನಿವೇಶನ ಹಂಚುವುದು ಪ್ರಾಧಿಕಾರ, ಆಮೇಲೆ ಅದನ್ನು 'ಹಸ್ತಾಂತರ' ಮಾಡಿಸಿಕೊಳ್ಳಬೇಕಾದದ್ದು ನಗರಪಾಲಿಕೆ. ಆ ಎರಡರ ನಡುವೆ ಸಿಕ್ಕಿದ ಬಡಾವಣೆಯಲ್ಲಿ ಮನೆ ಕಟ್ಟಿದವರಿಗೆ ರಸ್ತೆಗೆ ಡಾಂಬರು ಯಾರು ಹಾಕುತ್ತಾರೆ, ಉದ್ಯಾನದ ಬೇಲಿ ಯಾರದು, ಮೋರಿ ಕಟ್ಟಿದರೆ ಯಾರಿಗೆ ಅರ್ಜಿ ಕೊಡಬೇಕು ಎಂಬ ಅಲೆದಾಟವನ್ನು ವಿವರಿಸಿ ಹೇಳಬೇಕಾಗಿಲ್ಲ.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಬಿಬಿಎಂಪಿ ಹೋಗಿ, ಐದು ನಗರಪಾಲಿಕೆಗಳಾಗಿವೆ. ಗಡಿಗಳ ಬಗ್ಗೆ, ಹುದ್ದೆಗಳ ಬಗ್ಗೆ ಚರ್ಚೆ ಸಾಕಷ್ಟು ನಡೆದಿದೆ. ಆಸ್ತಿಯ ಬಗ್ಗೆ ಅಷ್ಟು ನಡೆದಿಲ್ಲ. 1898ರ ಮುಂಬೈ ಕಾಯ್ದೆ ಎಷ್ಟೇ ಜನವಿರೋಧಿಯಾಗಿದ್ದರೂ ಯಾವ ನೆಲ ಯಾರಿಗೆ ಹೋಗುತ್ತದೆ ಎಂದು ಅನುಸೂಚಿಯಲ್ಲಿ ಬರೆದಿತ್ತು. ಬೆಂಗಳೂರಿನ ವಾರ್ಡುಗಳ ನಿವಾಸಿ ಸಂಘಗಳು, ಮುಂದೆ ಆರಿಸಿ ಬರುವ ಪಾಲಿಕೆ ಸದಸ್ಯರು ಮೊದಲು ಕೇಳಬೇಕಾದದ್ದು ಆ ಪಟ್ಟಿಯನ್ನು: ನಮ್ಮ ವಾರ್ಡಿನ ಉದ್ಯಾನ, ಆಟದ ಮೈದಾನ, ಮಾರುಕಟ್ಟೆ, ಮೋರಿ, ಕಲ್ಯಾಣಮಂಟಪ, ಖಾಲಿ ನಿವೇಶನ ಯಾರ ಹೆಸರಿನಲ್ಲಿವೆ, ಯಾರು ರಿಪೇರಿ ಮಾಡುತ್ತಾರೆ, ಬಾಡಿಗೆ ಯಾರ ಖಾತೆಗೆ ಹೋಗುತ್ತದೆ. ಸರ್ವೆ ನಂಬರು ಸಮೇತ ಕೇಳಿ, ಬರಹದಲ್ಲಿ ಪಡೆಯಿರಿ, ಪಾಲಿಕೆಯ ಸಭೆಯ ನಡಾವಳಿಯಲ್ಲಿ ದಾಖಲಾಗುವವರೆಗೆ ಬಿಡಬೇಡಿ.